ಕಪ್ಪೆ ಕಂಡರೆ ಅಂಜಿಕೆ

"ತಿನ್ನು ಅಂದ್ರ! ಯಾಕ ಹಂಗ ನೋಡಾಕತ್ತೀ?" ಎಂದಳು ಖುಷ್ಬೂ.

ನಿರ್ಮಲಾಳ ಡಬ್ಬಿಯ ಮುಚ್ಚಳದ ಮೇಲೆ ಒಂದು ಚಪಾತಿ ಸುರುಳಿ ಬಂದು ಕುಳಿತಿತ್ತು. ಅದನ್ನು ಇಟ್ಟವಳು ಖುಷ್ಬೂ. ನಿರ್ಮಲಾ ಮೆಲ್ಲಗೆ ಸುರುಳಿ ಬಿಚ್ಚಿದಳು. ಒಳಗೆ ತುಪ್ಪ, ಸಕ್ಕರೆ. ಮೂಗಿನ ಹತ್ತಿರ ಹಿಡಿದು ಮೂಸಿದಳು. ತುಪ್ಪದ್ದೇ ವಾಸನೆ. ಒಂದು ಹರಳು ಎತ್ತಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪಲ್ಲ, ಸಕ್ಕರೆಯೇ.

ಆದರೂ ತಿನ್ನಲಿಲ್ಲ.

"ನಂಗ ಹಸಿವಿಲ್ಲ," ಎಂದು ಸುರುಳಿಯನ್ನು ವಾಪಸ್ಸು ಸರಿಸಿದಳು.

ಖುಷ್ಬೂ ಒಂದು ಸಲ ಕಡೆಯ ಬೆಂಚಿನ ಕಡೆಗೆ ತಿರುಗಿ ನೋಡಿ ತಲೆ ತಗ್ಗಿಸಿದಳು. ನಿರ್ಮಲಾ ಕೂಡ ಅತ್ತ ನೋಡಿದಳು. ಅಲ್ಲಿ ಪೂರ್ಣಿಮಾ ಮತ್ತು ರೋಹಿತ ತಲೆಗೆ ತಲೆ ತಾಗಿಸಿ ಏನೋ ಪಿಸುಗುಡುತ್ತಿದ್ದರು.

'ನಾನು ಅಂದುಕೊಂಡದ್ದು ಸರಿ,' ಎಂದುಕೊಂಡಳು ನಿರ್ಮಲಾ. 'ಇವಳನ್ನು ಅವರೇ ಕಳಿಸಿದ್ದಾರೆ.'

ನಿರ್ಮಲಾ ದಾಂಡೇಲಿಯ ಈ ಶಾಲೆಗೆ ಐದನೇ ಕ್ಲಾಸಿಗೆ ಸೇರಿದ್ದು ಜೂನ್‌ನಲ್ಲಿ. ಅದಕ್ಕೆ ಮೊದಲು ಜೊಯಿಡಾ ಕಡೆಯ ಹಳ್ಳಿಯೊಂದರಲ್ಲಿ ಓದುತ್ತಿದ್ದಳು. ಬಾಬಾನಿಗೆ, ಅಂದರೆ ಅಪ್ಪನಿಗೆ, ಇಲ್ಲಿಯ ರೆಸಾರ್ಟ್ ಒಂದರಲ್ಲಿ ಜೀಪು ಓಡಿಸುವ ಕೆಲಸ ಸಿಕ್ಕಿದ ಮೇಲೆ ಮನೆಯವರೆಲ್ಲ ಇಲ್ಲಿಗೆ ಬಂದಿದ್ದರು.

ಶಾಲೆ ಸೇರಿದ ಮೊದಲ ವಾರ. ಪೂರ್ಣಿಮಾ ತಾನಾಗಿ ಹತ್ತಿರ ಬಂದು ಬೆಳ್ಳಿ ಬಣ್ಣದ ಕಾಗದದಲ್ಲಿ ಸುತ್ತಿದ ಪೇಢೆ ಕೊಟ್ಟಿದ್ದಳು. "ಧಾರವಾಡದ್ದು. ನಮ್ಮ ಮಾಮಾ ತಂದಾನ, ತಗೋ," ಎಂದಿದ್ದಳು. ಕಂದು ಬಣ್ಣ, ಮೇಲೆ ಸಕ್ಕರೆಪುಡಿ. ಹೊಸ ಊರಿನಲ್ಲಿ ಮೊದಲ ಗೆಳತಿ ಸಿಕ್ಕಳು ಎಂಬ ಖುಷಿಯಲ್ಲಿ ನಿರ್ಮಲಾ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಅದು ಮಣ್ಣು.

"ಮಾಕಾ ನಾಕಾ! ಮಾಕಾ ನಾಕಾ!" ಎಂದು ಚೀರುತ್ತ ನಿರ್ಮಲಾ ಉಗುಳಿದಳು. 'ನನಗೆ ಬೇಡ' ಎಂಬುದಕ್ಕೆ ಅವಳ ಮನೆಯಲ್ಲಿ ಹಾಗೆ ಅನ್ನುತ್ತಾರೆ. ಗಾಬರಿಯಲ್ಲಿ ಕನ್ನಡ ಬರಲೇ ಇಲ್ಲ, ಕೊಂಕಣಿಯೇ ಬಂದುಬಿಟ್ಟಿತು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಂದಿನಿಂದ ಅವಳ ಹೆಸರು 'ನಾಕಾ'. ಅವಳು ಬಾಗಿಲಿಗೆ ಬಂದರೆ ಸಾಕು, ರೋಹಿತ ಚೆಕ್‌ಪೋಸ್ಟಿನ ಗೇಟಿನಂತೆ ಕೈ ಅಡ್ಡ ಹಿಡಿದು, "ಫಾರೆಸ್ಟ್ ನಾಕಾ ಬಂತು! ಗಾಡಿ ನಿಲ್ಲಸ್ರಿ!" ಎಂದು ಕೂಗುತ್ತಿದ್ದ.

ಆ ದಿನ ನಕ್ಕವರಲ್ಲಿ ಖುಷ್ಬೂ ಕೂಡ ಇದ್ದಳು. ಪೂರ್ಣಿಮಾಳ ಪಕ್ಕದಲ್ಲೇ ಇದ್ದಳು. ನಿರ್ಮಲಾ ತನ್ನ ಕಣ್ಣಾರೆ ನೋಡಿದ್ದಳು.

ಅಂಥವಳು ಈಗ ಪೂರ್ಣಿಮಾಳ ಬೆಂಚು ಬಿಟ್ಟು ನಿರ್ಮಲಾಳ ಪಕ್ಕಕ್ಕೆ ಬಂದು ಕುಳಿತಿದ್ದಾಳೆ. ಪೆನ್ಸಿಲ್ ಮುರಿದರೆ ತನ್ನದು ಕೊಡುತ್ತಾಳೆ. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಕಾಯುತ್ತಾಳೆ. ಯಾಕೆ?

ಆ ಸಂಜೆ ಪಾತ್ರೆ ಒರೆಸುತ್ತ ಅವಳ ತಾಯಿ, ಆಯಿ, ಕೊಂಕಣಿಯಲ್ಲಿ ಕೇಳಿದಳು, "ಶಾಲೆಯಲ್ಲಿ ಗೆಳತಿ ಸಿಕ್ಕಳೇನೇ?"

"ಒಬ್ಬಳಿದ್ದಾಳೆ. ಆದರೆ ಅವಳು ಕಳ್ಳಿ."

"ಅಯ್ಯೋ! ಏನು ಕದ್ದಳು?"

"ಇನ್ನೂ ಕದ್ದಿಲ್ಲ."

ಆಯಿ ನಕ್ಕುಬಿಟ್ಟಳು. ನಿರ್ಮಲಾಗೆ ನಗು ಬರಲಿಲ್ಲ. ಮಣ್ಣಿನ ಪೇಢೆಯ ಸಂಗತಿ ಆಯಿಗೆ ಗೊತ್ತೇ ಇರಲಿಲ್ಲ. ತಟ್ಟೆಯ ನೀರು ಝಾಡಿಸುತ್ತ ನಿರ್ಮಲಾ ಒಂದು ಉಪಾಯ ಹೂಡಿದಳು. ಖುಷ್ಬೂಗೆ ಒಂದು ಸುಳ್ಳು ಗುಟ್ಟು ಹೇಳಬೇಕು. ಅದು ಪೂರ್ಣಿಮಾಳ ಕಿವಿ ಮುಟ್ಟಿದರೆ ಖುಷ್ಬೂ ಅವರ ಕಡೆಯವಳೇ ಸೈ.

ಮರುದಿನ ಇಬ್ಬರೂ ನೀರಿನ ಟಾಕಿಯ ನಳದಲ್ಲಿ ಡಬ್ಬಿ ತೊಳೆಯುತ್ತಿದ್ದಾಗ ನಿರ್ಮಲಾ ಅತ್ತಿತ್ತ ನೋಡಿದಳು.

"ಖುಷ್ಬೂ, ಒಂದ ಗುಟ್ಟ ಹೇಳ್ತೇನಿ. ಯಾರಿಗೂ ಹೇಳಬ್ಯಾಡ."

"ಅಲ್ಲಾ ಕಸಮ್, ಹೇಳಂಗಿಲ್ಲ."

"ನಂಗ ಕಪ್ಪಿ ಕಂಡ್ರ ಭಾಳ ಅಂಜಿಕಿ."

ಖರೇ ಹೇಳಬೇಕೆಂದರೆ ನಿರ್ಮಲಾಗೆ ಕಪ್ಪೆ ಎಂದರೆ ಏನೂ ಅಲ್ಲ. ಅವಳ ಹಳ್ಳಿಯಲ್ಲಿ ಮಳೆಗಾಲಕ್ಕೆ ಕಪ್ಪೆಗಳು ಅಡಿಗೆಮನೆಗೇ ಬರುತ್ತಿದ್ದವು. ಹಿಡಿದು ಹೊರಗೆ ಬಿಡುವ ಕೆಲಸ ಅವಳದೇ ಆಗಿತ್ತು.

ಖುಷ್ಬೂ ನಗಲಿಲ್ಲ. ಡಬ್ಬಿಯ ಮುಚ್ಚಳವನ್ನು ಒಂದೆರಡು ಸಲ ತಿರುಗಿಸಿದಳು. ಆಮೇಲೆ ನಿರ್ಮಲಾಳ ಕಿವಿಯ ಹತ್ತಿರ ಬಾಯಿ ತಂದಳು. "ನಂದೂ ಒಂದ ಐತಿ. ನಂಗ ಕತ್ತಲಿ ಅಂದ್ರ ಅಂಜಿಕಿ. ರಾತ್ರಿ ಕರೆಂಟ್ ಹೋದ್ರ ಅಮ್ಮೀ ಕೈ ಹಿಡಕೊಂಡ ಬಾತ್‌ರೂಮಿಗೆ ಹೋಗ್ತೇನಿ. ಈಗೂ!"

ಅವಳ ಕಿವಿಯ ತುದಿ ಕೆಂಪಗಾಗಿತ್ತು.

'ಇದೂ ಸುಳ್ಳೇ ಇರಬೇಕು,' ಎಂದುಕೊಂಡಳು ನಿರ್ಮಲಾ. ಆದರೂ ನೆನಪಿನಲ್ಲಿ ಇಟ್ಟುಕೊಂಡಳು.

ಅಂದು ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ನಿರ್ಮಲಾ ದಿನಕ್ಕೆ ನಾಲ್ಕು ಸಲ ಬ್ಯಾಗು ತಡಕಿದಳು, ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಒಂದು ಇರುವೆ ಕೂಡ ಇರಲಿಲ್ಲ. ಆ ದಿನ ಖುಷ್ಬೂ ಕೊಟ್ಟ ಚಪಾತಿಯಲ್ಲಿ ಅರ್ಧ ತಿಂದಳು. ರುಚಿಯಾಗಿತ್ತು. ಇನ್ನೊಂದು ದಿನ ನೋಡೋಣ, ಆಮೇಲೆ ಪೂರ್ತಿ ತಿನ್ನೋಣ ಎಂದುಕೊಂಡಳು.

ಆ ಇನ್ನೊಂದು ದಿನ ಆಟದ ಪೀರಿಯಡ್ ಮುಗಿಸಿ ಬಂದು ಗಣಿತದ ಪುಸ್ತಕಕ್ಕೆಂದು ಬ್ಯಾಗಿನೊಳಗೆ ಕೈ ಹಾಕಿದಳು. ತಣ್ಣನೆಯ ಏನೋ ಬೆರಳಿಗೆ ತಾಗಿತು. ಪಟಕ್ಕನೆ ಜಿಗಿದು ಬೆಂಚಿನ ಮೇಲೆ ಕುಳಿತಿತು.

ಕಪ್ಪೆ!

ಇಡೀ ಕ್ಲಾಸು ಅವಳತ್ತಲೇ ನೋಡುತ್ತಿತ್ತು. ಎಲ್ಲರೂ ಅವಳ ಚೀರಾಟಕ್ಕೇ ಕಾಯುತ್ತಿದ್ದಂತಿತ್ತು. ರೋಹಿತನಂತೂ ಸರಿಯಾಗಿ ಕಾಣಲಿ ಎಂದು ಬೆಂಚಿನ ಮೇಲೆ ಹತ್ತಿ ನಿಂತಿದ್ದ.

ನಿರ್ಮಲಾ ಚೀರಲಿಲ್ಲ. ಎರಡೂ ಕೈ ಬೊಗಸೆ ಮಾಡಿ ಕಪ್ಪೆಯನ್ನು ಹಿಡಿದಳು. "ಅಬ್ಬಬ್ಬಾ!" ಎಂದು ಯಾರೋ ಉದ್ಗರಿಸಿದರು. ಅವಳು ಕಪ್ಪೆಯನ್ನು ಕಿಟಕಿಯಿಂದ ಬೇಲಿಯ ಹಸಿರಿಗೆ ಬಿಟ್ಟು ತಿರುಗಿದಳು. ಅವಳು ಹುಡುಕಿದ್ದು ಒಂದೇ ಮುಖವನ್ನು. ಖುಷ್ಬೂ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ನಗುವನ್ನು ಅಡಗಿಸುತ್ತಿದ್ದಾಳೆ ಎನಿಸಿತು ನಿರ್ಮಲಾಗೆ.

"ನೀನ ಹೇಳಿದಿ! ನಿನ್ನ ಬಿಟ್ರ ಯಾರಿಗೂ ಗೊತ್ತಿರಲಿಲ್ಲ."

"ಇಲ್ಲ ನಿರ್ಮಲಾ, ಖರೇನ ನಾ ಹೇಳಿಲ್ಲ..."

"ಸುಳ್ಳಿ!" ನಿರ್ಮಲಾ ಕ್ಲಾಸಿನ ಕಡೆ ತಿರುಗಿ ಜೋರಾಗಿ ಕೂಗಿದಳು. "ಎಲ್ಲಾರೂ ಕೇಳ್ರಿ! ಈಕಿ ಕತ್ತಲ್ಯಾಗ ಬಾತ್‌ರೂಮಿಗೆ ಹೋಗಾಕ ಅಮ್ಮೀ ಕೈ ಹಿಡಿಬೇಕಂತ! ಇಷ್ಟ ದೊಡ್ಡಾಕಿ!"

ಮೊದಲು ನಕ್ಕವಳು ಪೂರ್ಣಿಮಾ. ಆಮೇಲೆ ಎಲ್ಲರೂ. "ಅಮ್ಮೀ, ಕೈ ಹಿಡಿ ಅಮ್ಮೀ!" ಎಂದು ರೋಹಿತ ಸಣ್ಣ ದನಿ ತೆಗೆದು ಕುಣಿದ.

ಈ ಶಾಲೆಗೆ ಬಂದ ಮೇಲೆ ಮೊದಲ ಸಲ ಕ್ಲಾಸು ಅವಳನ್ನು ಬಿಟ್ಟು ಬೇರೆಯವರನ್ನು ನೋಡಿ ನಗುತ್ತಿತ್ತು. ಒದ್ದೆಯಾಗಿ ಬಂದವರು ಒಲೆಯ ಮುಂದೆ ಕುಳಿತಾಗ ಆಗುವ ಹಾಗೆ ನಿರ್ಮಲಾಗೆ ಮೈ ಬೆಚ್ಚಗಾಯಿತು. ನಗಬೇಕು ಎನಿಸಿತು. ನಕ್ಕಳು ಕೂಡ.

ಅಷ್ಟರಲ್ಲಿ ಖುಷ್ಬೂಳ ಮುಖ ಕಂಡಿತು. ಅವಳ ತುಟಿ ಬಿಗಿದುಕೊಂಡಿತ್ತು. ಬಾಯಲ್ಲಿ ಏನೋ ಇದೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ ಅನ್ನುವಂತಿತ್ತು. ಆಗ ಒಳಗೆ ಹೇಗಿರುತ್ತದೆ ಎಂಬುದು ನಿರ್ಮಲಾಗೆ ಚೆನ್ನಾಗಿ ಗೊತ್ತಿತ್ತು.

ಅವಳ ನಗು ಅರ್ಧಕ್ಕೇ ನಿಂತಿತು.

ಊಟದ ಹೊತ್ತಿಗೆ ಪೂರ್ಣಿಮಾ ಕೈ ಬೀಸಿ ಕರೆದಳು. "ಏ ನಿರ್ಮಲಾ, ಇಲ್ಲಿ ಬಾ. ನಮ್ಮ ಕೂಡ ಕುಂದ್ರು."

ನಾಕಾ ಅಲ್ಲ, ನಿರ್ಮಲಾ! ಅವಳು ಹೋಗಿ ಕುಳಿತಳು. ಪೂರ್ಣಿಮಾ ತನ್ನ ಡಬ್ಬಿಯಿಂದ ಶೇಂಗಾ ಚಟ್ನಿ ಬಡಿಸಿದಳು.

"ನೀ ಅಂಜಲೇ ಇಲ್ಲಲ್ಲ!" ಎಂದ ರೋಹಿತ. "ನನ್ನ ಐಡಿಯಾ ಪೂರಾ ಫೇಲ್ ಆತು. ಕಪ್ಪಿ ಹಿಡಿಯಾಕ ಎಷ್ಟ ಒದ್ದಾಡೇನಿ ಗೊತ್ತೈತೇನ?"

"ನಿಂಗ ಯಾರ ಹೇಳಿದ್ರು, ನಂಗ ಕಪ್ಪಿ ಅಂದ್ರ ಅಂಜಿಕಿ ಅಂತ?"

"ನೀನ ಹೇಳಿದ್ಯಲ್ಲ, ನಳದ ಹತ್ರ! ನಾ ಟಾಕಿ ಹಿಂದ ಇದ್ದೆ. ಕಪ್ಪಿ, ಅಂಜಿಕಿ ಅಷ್ಟ ಕೇಳಿಸ್ತು. ಮುಂದಿಂದು ಕೇಳಿಸಲಿಲ್ಲ. ಖುಷ್ಬೂಗ ಕೇಳಿದ್ವಿ, ಆಕಿ ಬಾಯೇ ಬಿಡಲಿಲ್ಲ."

ನಿರ್ಮಲಾಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಆಕಿ ನಿಮ್ಮ ಬೆಂಚ ಯಾಕ ಬಿಟ್ಲು?" ಎಂದು ಕೇಳಿದಳು.

ಪೂರ್ಣಿಮಾ ಮೂಗು ಮುರಿದಳು. "ಆ ಪೇಢೆ ಕೊಟ್ವಿ ನೋಡು, ಅವತ್ತಿಂದ ಶುರು ಆತು ಆಕೀದು. ನಿಂಗ ಸಾರಿ ಹೇಳೂಣು, ಸಾರಿ ಹೇಳೂಣು ಅಂತ ತಲಿ ತಿಂದ್ಲು. ಹಂಗಿದ್ರ ನೀ ಅಲ್ಲೇ ಹೋಗಿ ಕುಂದ್ರು ಅಂದ್ವಿ."

ನಿರ್ಮಲಾ ಡಬ್ಬಿ ಮುಚ್ಚಿ ಎದ್ದಳು.

ಖುಷ್ಬೂ ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ಕಣ್ಣು ಕೆಂಪಗೇ ಇತ್ತು.

"ಖುಷ್ಬೂ, ಸಾರಿ. ರೋಹಿತ ಕೇಳಿಸ್ಕೊಂಡಿದ್ದ ಅಂತ ನಂಗ ಗೊತ್ತಿರಲಿಲ್ಲ."

ಖುಷ್ಬೂ ನಳ ಬಂದ್ ಮಾಡಿದಳು. "ನಿಂಗ ಕಪ್ಪಿ ಅಂದ್ರ ಅಂಜಿಕಿ ಇಲ್ಲ. ಹೌದಲ್ಲ?"

"ಇಲ್ಲ."

"ಮತ್ತ ಯಾಕ ಹೇಳಿದಿ?"

"ನೋಡಾಕ."

"ಏನ ನೋಡಾಕ?"

"ನೀ ಅವರಿಗೆ ಹೇಳ್ತೀ ಏನೋ ಅಂತ..."

ಖುಷ್ಬೂ ಅವಳನ್ನೇ ನೋಡಿದಳು. "ನಾ ನಿಂಗ ಖರೇ ಹೇಳಿದ್ದೆ," ಎಂದಳು. ಅಷ್ಟೇ ಹೇಳಿ ಹೊರಟುಹೋದಳು.

ನಿರ್ಮಲಾ ಅಲ್ಲೇ ನಿಂತಳು. ಕ್ಲಾಸಿನ ಒಳಗಿಂದ "ಅಮ್ಮೀ, ಕೈ ಹಿಡಿ!" ಎಂದು ಯಾರೋ ಕೂಗಿದ್ದು ಕೇಳಿಸಿತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಖುಷ್ಬೂಗೆ ಹೊಸ ಹೆಸರು ಬಂದಾಗಿತ್ತು. ಅದನ್ನು ತಂದುಕೊಟ್ಟವಳು ತಾನೇ.

ಅವಳು ನೆಟ್ಟಗೆ ಸ್ಟಾಫ್‌ರೂಮಿಗೆ ನಡೆದಳು. ಕ್ಲಾಸ್ ಟೀಚರ್ ಲಗಮಪ್ಪ ಸರ್ ಚಹಾ ಕುಡಿಯುತ್ತಿದ್ದರು. ನಿರ್ಮಲಾ ಮಣ್ಣಿನ ಪೇಢೆಯಿಂದ ಶುರು ಮಾಡಿ ಕಪ್ಪೆಯವರೆಗೆ ಎಲ್ಲ ಹೇಳಿದಳು. ತಾನು ಕೂಗಿ ಹೇಳಿದ ಮಾತನ್ನೂ ಬಿಡಲಿಲ್ಲ.

ಸರ್ ಕಪ್ಪು ಕೆಳಗಿಟ್ಟರು. "ಇಷ್ಟ ದಿನಾ ನನಗ ಯಾಕ ಹೇಳಲಿಲ್ಲವಾ?"

ನಿರ್ಮಲಾ ನೆಲ ನೋಡಿದಳು. "ನೀವೂ ಅವರ ಕಡೆಯವರು ಅಂದ್ಕೊಂಡಿದ್ದೆರಿ."

"ನಾನ? ಯಾಕ?"

"ಒಂದಿನ ರೋಹಿತ ಫಾರೆಸ್ಟ್ ನಾಕಾ ಅಂದಾಗ ನೀವೂ ನಕ್ಕಿದ್ರಿ."

ಸರ್ ಉಳಿದ ಚಹಾ ಅಲ್ಲೇ ಬಿಟ್ಟು ಎದ್ದು, "ನಡಿಯವಾ," ಎಂದರು.

ಕ್ಲಾಸಿಗೆ ಬಂದ ಸರ್ ಕೋಲು ಮುಟ್ಟಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಈ ಖೋಲ್ಯಾಗ ಒಬ್ಬ ಹುಡುಗೀಗೆ ಹೆಸರಿಟ್ಟ ಕರದ್ರ, ನಾನೂ ನಕ್ಕೆ. ನಂದು ತಪ್ಪಾತು, ನಿರ್ಮಲಾ," ಎಂದರು. ಎಲ್ಲರೂ ಕಣ್ಣರಳಿಸಿ ನೋಡಿದರು. ಸರ್ ತಪ್ಪಾಯಿತು ಅಂದದ್ದನ್ನು ಯಾರೂ ಕೇಳಿರಲಿಲ್ಲ. "ಇವತ್ತಿಂದ ಆ ಹೆಸರು ಬ್ಯಾಡ. ಇವತ್ತ ಹುಟ್ಟಿದ ಹೊಸಾ ಹೆಸರೂ ಬ್ಯಾಡ. ರೋಹಿತ, ಪೂರ್ಣಿಮಾ, ಶಾಲಿ ಬಿಟ್ಟ ಮ್ಯಾಲ ನನ್ನ ಕಡೆ ಬರ್ರಿ. ನಿಮ್ಮ ಮನಿಯವರ ಜೋಡಿನೂ ಮಾತಾಡ್ತೇನಿ."

ನಿರ್ಮಲಾ ತನ್ನ ಜಾಗದಲ್ಲಿ ಎದ್ದು ನಿಂತಳು. "ಖುಷ್ಬೂ ನನ್ನ ಗುಟ್ಟ ಯಾರಿಗೂ ಹೇಳಿದ್ದಿಲ್ರಿ. ಆಕೀದು ನಾ ಹೇಳಿದೆ. ತಪ್ಪ ನಂದು."

ಖುಷ್ಬೂ ತಲೆ ಎತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ನಾಕಾ ಎಂಬ ಕೂಗು ಕಡಿಮೆಯಾಯಿತು. ರೋಹಿತ ಒಂದೆರಡು ಸಲ ಕೈ ಅಡ್ಡ ಹಿಡಿಯಹೋಗಿ, ಸರ್ ನೆನಪಾಗಿ ತಲೆ ಕೆರೆದುಕೊಂಡ. ಪೂರ್ಣಿಮಾ ಇಬ್ಬರ ಹತ್ತಿರವೂ ಮಾತು ಬಿಟ್ಟಳು. ಖುಷ್ಬೂ ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಒಬ್ಬಳೇ ಕುಳಿತಳು. ನಿರ್ಮಲಾ 'ಗುಡ್ ಮಾರ್ನಿಂಗ್' ಅಂದರೆ ಹೂಂ ಎನ್ನುತ್ತಿದ್ದಳು. ಹೆಚ್ಚಿಗೆ ಇಲ್ಲ.

ಶನಿವಾರ ಶಾಲೆ ಬಿಡುವಾಗ ಹನಿ ಶುರುವಾಗಿತ್ತು. ಗೇಟಿನ ಹತ್ತಿರ ಖುಷ್ಬೂಳ ಅಬ್ಬಾ ಬೈಕು ನಿಲ್ಲಿಸಿಕೊಂಡಿದ್ದರು. ಅವರು ಹಾಶಿಮ ಮೇಸ್ತ್ರಿ, ಗ್ಯಾರೇಜಿನವರು. ಖುಷ್ಬೂ ಹಿಂದೆ ಹತ್ತಿ ಕುಳಿತಿದ್ದಳು.

"ಮಳಿ ಜೋರ ಆಗತೈತಿ ಬೇಟಾ," ಎಂದರು ಅವರು ನಿರ್ಮಲಾಳನ್ನು ನೋಡಿ. "ನಮ್ಮ ದಾರ್ಯಾಗ ಐತಲ್ಲ ನಿಮ್ಮ ಮನಿ? ಹತ್ತು, ಬಿಟ್ಟ ಹೋಗ್ತೇನಿ. ಖುಷ್ಬೂ, ಸ್ವಲ್ಪ ಮುಂದ ಸರಿ."

ಖುಷ್ಬೂ ಸರಿಯಲಿಲ್ಲ. ಅವಳ ಕೈ ಅಬ್ಬಾನ ಶರ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

"ಇವತ್ತ ಬ್ಯಾಡ್ರಿ ಚಾಚಾ," ಎಂದಳು ನಿರ್ಮಲಾ. "ನಾ ನಡ್ಕೋತ ಹೋಗ್ತೇನಿ."

ಬೈಕು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಖುಷ್ಬೂ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು. ನೋಡುತ್ತಲೇ ಇದ್ದಳು. ಸಿಟ್ಟಿನ ನೋಟವಲ್ಲ, ನಗುವಿನದೂ ಅಲ್ಲ. ಇವಳು ಖರೇನೋ ಸುಳ್ಳೋ ಎಂದು ಅಳೆಯುವ ನೋಟ. ಆ ಅನುಮಾನ ಒಂದು 'ಸಾರಿ'ಗೆ ಹೋಗುವಂಥದ್ದಲ್ಲ, ಒಂದು ವಾರಕ್ಕೂ ಹೋಗಲಿಕ್ಕಿಲ್ಲ. ಅದು ನಿರ್ಮಲಾಗೆ ಗೊತ್ತಿದ್ದಷ್ಟು ಆ ಶಾಲೆಯಲ್ಲಿ ಮತ್ತಾರಿಗೂ ಗೊತ್ತಿರಲಿಲ್ಲ.

ಹನಿ ದಪ್ಪವಾಗುತ್ತಿತ್ತು. ಮಕ್ಕಳೆಲ್ಲ ಓಡುತ್ತಿದ್ದರು. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ನಿರ್ಮಲಾ ಓಡಲಿಲ್ಲ. ಖುಷ್ಬೂಗೆ ಸರಿಯಾಗಿ ಕಾಣುವ ಹಾಗೆ, ಅಲ್ಲೇ, ರಸ್ತೆಯ ಬದಿಗೆ ನಿಂತಿದ್ದಳು.