ಗುರುವಾರ ಮಧ್ಯಾಹ್ನದ ಹರಟೆ

ಅಪ್ಪ ತೀರಿಕೊಂಡ ಮೂರನೆಯ ತಿಂಗಳು ಅಕ್ಕ ಚಂದ್ರಾಬಾಯಿ ಟ್ರಂಕಿನಿಂದ ಅಪ್ಪ ಬರೆದಿಟ್ಟ ಮೃತ್ಯುಪತ್ರ ತೆಗೆದು ತೋರಿಸಿದಾಗ ಹಣಮಂತ ಅದನ್ನು ಎರಡು ಸಲ ಓದಿದ. ಕಮಲಾಪುರದ ಮೂರು ಎಕರೆ ಕೆಂಪು ಬಾಳೆಯ ತೋಟ ಪೂರ್ತಿ ಅವಳಿಗೆ. ಮಗನ ಪಾಲಿಗೆ ಒಂದೇ ಸಾಲು: ‘ಇವನಿಗೆ ನೌಕರಿ ಇದೆ.’

“ನಾ ಹೇಳಿ ಬರಿಸಿದ್ದಲ್ಲೋ ತಮ್ಮಾ. ಗೊನಿ ಬಂದಾಗೆಲ್ಲ ನಿನಗೂ ಒಂದ್ ಕಳಸ್ತೀನಿ, ಆತಿಲ್ಲ?” ಎಂದಳು ಅಕ್ಕ.

ತೋಟ ಹೋದದ್ದಕ್ಕಿಂತ ಆ ಒಂದು ಗೊನೆಯ ಮಾತು ಅವನನ್ನು ಹೆಚ್ಚು ಚುಚ್ಚಿತು.

ಪತ್ರ ನೋಂದಣಿಯಾಗಿರಲಿಲ್ಲ. ಸಾಕ್ಷಿ ಹಾಕಿದ ಇಬ್ಬರೂ ಸತ್ತಿದ್ದರು. ನಕಲಿರಲಿಲ್ಲ. ಆ ಹಾಳೆ ಇಲ್ಲವಾದರೆ ಅರ್ಧ ತೋಟ ಅವನದು. ಆದರೆ ಹಾಳೆ ಕಾಣೆಯಾದ ದಿನವೇ ಊರೆಲ್ಲ ಅವನತ್ತ ಬೆರಳು ತೋರಿಸುತ್ತದೆ. ಹಾಗಾಗಿ ಹೇಗೆ ಕದಿಯಬೇಕು ಎನ್ನುವುದಕ್ಕಿಂತ, ಕದಿಯುವ ಹೊತ್ತಿನಲ್ಲಿ ತಾನು ಎಲ್ಲಿರಬೇಕು ಎಂಬುದನ್ನೇ ಅವನು ಮೊದಲು ಯೋಚಿಸಿದ.

ಅವನು ಕೆಲಸ ಮಾಡುತ್ತಿದ್ದದ್ದು ಕಲಬುರಗಿಯ ಒಂದು ಬೀಜದ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ, ಒಬ್ಬನೇ. 2004ರ ಆ ವರ್ಷ ಹೈದರಾಬಾದಿನ ಮುಖ್ಯ ಕಚೇರಿ ಫೈರ್‌ವಾಲ್ ಹಾಕಿ ಚಾಟಿಂಗ್ ಬಂದ್ ಮಾಡಿತ್ತು. ಬೇರೊಂದು ಸೈಟಿನ ಮೂಲಕ ಸುತ್ತಿಬಳಸಿ ಹೋದರೆ ಚಾಟ್ ತೆರೆಯುತ್ತಿತ್ತು, ನಿಜ. ಆದರೆ ಯಾವ ಕಂಪ್ಯೂಟರಿನಿಂದ, ಎಷ್ಟು ಗಂಟೆಗೆ ಎಂಬುದೆಲ್ಲ ಹೈದರಾಬಾದಿನಲ್ಲಿ ದಾಖಲಾಗುತ್ತಿತ್ತು. ಉಳಿದವರಿಗೆ ಆ ದಾಖಲೆಯ ಹೆದರಿಕೆ. ಹಣಮಂತನಿಗೆ ಬೇಕಾಗಿದ್ದದ್ದೇ ಅದು. ಪೊಲೀಸರು ಬಂದಾಗ ತಲೆ ತಗ್ಗಿಸಿ ಸಣ್ಣ ತಪ್ಪೊಂದನ್ನು ಒಪ್ಪಿಕೊಂಡವನನ್ನು ದೊಡ್ಡ ತಪ್ಪಿಗಾಗಿ ಯಾರೂ ಹುಡುಕುವುದಿಲ್ಲ.

ಚಾಟಿನ ಆ ತುದಿಗೆ ರಾಯಚೂರು ಶಾಖೆಯ ದತ್ತಪ್ಪನನ್ನು ಆರಿಸಿಕೊಂಡ. ದತ್ತಪ್ಪ ತನ್ನ ಅತ್ತೆಯ ಮೇಲಿನ ದೂರು ಶುರು ಮಾಡಿದರೆ ಎದುರಿನವನ ಉತ್ತರ ಓದುವವನೇ ಅಲ್ಲ. ‘ಹೌದೇನು?’, ‘ಆಮ್ಯಾಲ?’, ‘ಖರೇ ಅದ ಬಿಡು’. ಇಂಥ ಹದಿನೇಳು ಮಾತುಗಳನ್ನು ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತಾನಾಗಿ ಕಳಿಸುವ ಪುಟ್ಟ ಪ್ರೋಗ್ರಾಮನ್ನು ಹಣಮಂತ ಬರೆದ. ಎರಡು ವಾರ ಪರೀಕ್ಷಿಸಿದ. ‘ನಿನ್ನಷ್ಟು ಸಮಾಧಾನದಿಂದ ಕೇಳವ್ರು ಯಾರೂ ಇಲ್ಲಪಾ’ ಎಂದು ದತ್ತಪ್ಪ ಬರೆದ ದಿನ ಪರೀಕ್ಷೆ ನಿಲ್ಲಿಸಿದ.

ಪ್ರತಿ ಗುರುವಾರ ಚಂದ್ರಾಬಾಯಿ ಎರಡರಿಂದ ನಾಲ್ಕರವರೆಗೆ ದತ್ತ ದೇವರ ಭಜನೆಗೆ ಹೋಗುತ್ತಿದ್ದಳು. ಅಂಥ ಒಂದು ಗುರುವಾರ ಒಂದೂವರೆಗೆ ಹಣಮಂತ ಕೋಣೆಯ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಪ್ರೋಗ್ರಾಂ ಚಾಲೂ ಮಾಡಿ, ಹಿಂಬಾಗಿಲಿನ ಕಬ್ಬಿಣದ ಮೆಟ್ಟಿಲಿಳಿದ. ತನ್ನ ಬೈಕನ್ನು ಕಚೇರಿಯ ಅಂಗಳದಲ್ಲೇ ಬಿಟ್ಟಿದ್ದ. ಹತ್ತಿರದ ಗಾಜಿಪುರ ಓಣಿಯಲ್ಲಿ ನಿಲ್ಲಿಸಿದ್ದ ಗೆಳೆಯನ ಬೈಕ್ ಹತ್ತಿ, ಹೆಲ್ಮೆಟ್ ಹಾಕಿಕೊಂಡು ಹೊರಟ. ಕಮಲಾಪುರದಲ್ಲಿ ಅಕ್ಕನ ಮನೆಯ ಬೀಗ ಒಡೆದ, ಕಳ್ಳರ ಕೆಲಸವೆನಿಸಲು ಸೀರೆಗಳನ್ನು ಎಳೆದಾಡಿದ. ಮರಳುವ ದಾರಿಯಲ್ಲಿ ಮೃತ್ಯುಪತ್ರ ಕುರಿಕೋಟಾ ಸೇತುವೆಯ ಕೆಳಗೆ ಬೂದಿಯಾಯಿತು. ನಾಲ್ಕಕ್ಕೆ ಮತ್ತೆ ಕುರ್ಚಿಯಲ್ಲಿದ್ದ. ತೆರೆಯ ಮೇಲೆ ದತ್ತಪ್ಪ ಇನ್ನೂ ಅತ್ತೆಯನ್ನು ಬೈಯುತ್ತಿದ್ದ.

ಶುಕ್ರವಾರವಿಡೀ ಹಣಮಂತನಿಗೆ ಎಲ್ಲರ ಮೇಲೂ ಗುಮಾನಿ. ಮ್ಯಾನೇಜರ್ ಅಮೋಘಪ್ಪ ಯಾಕೆ ಎರಡು ಸಲ ಹೊರಳಿ ನೋಡಿದ? ಟೈಪಿಸ್ಟ್ ಮುನೀರಾ ಫೋನಿನಲ್ಲಿ ನಕ್ಕದ್ದು ಯಾರ ವಿಷಯಕ್ಕೆ?

ಶನಿವಾರ ಕಮಲಾಪುರದ ಪಿಎಸ್‌ಐ ಮಾಳಿಂಗಪ್ಪ ನೇರವಾಗಿ ಕಂಪ್ಯೂಟರ್ ಕೋಣೆಗೇ ಬಂದ. ಹಿಂದೆ ಅಮೋಘಪ್ಪ, ಮುನೀರಾ. ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಲ್ಲಿದ್ದೆ ಎಂದು ಕೇಳಿದಾಗ ಹಣಮಂತ ಅಂದುಕೊಂಡಿದ್ದಷ್ಟೇ ಹೊತ್ತು ತಡವರಿಸಿದ.

“ಇಲ್ಲೇ ಇದ್ದೆರೀ ಸಾಹೇಬ್ರ. ಖರೇ ಹೇಳಬೇಕಂದ್ರ... ಚಾಟಿಂಗ್ ಮಾಡ್ಲಾಕತ್ತಿದ್ದೆ. ತಪ್ಪಾತ್ರಿ.”

“ಎರಡ್ ತಾಸು ಹರಟಿ? ಪಗಾರ ಕೊಡೂದು ಅದಕ್ಕೇನೋ?” ಅಮೋಘಪ್ಪ ಕೆಂಡವಾದ.

ಹೈದರಾಬಾದಿಗೆ ಫೋನು ಹೋಯಿತು, ದಾಖಲೆ ಅವನ ಮಾತಿಗೆ ಹೊಂದಿತು. ರಾಯಚೂರಿಗೂ ಹೋಯಿತು. ದತ್ತಪ್ಪ ಹೆದರುತ್ತಲೇ ಹೌದೆಂದ. ಮಾಳಿಂಗಪ್ಪ ಟಿಪ್ಪಣಿ ಪುಸ್ತಕ ಮುಚ್ಚುತ್ತ ಕೊನೆಯದಾಗಿ ಕೇಳಿದ.

“ಮತ್ತ ನೀ ಒಳಗಿದ್ದದ್ದು ಯಾರರ ನೋಡ್ಯಾರೇನು?”

“ಬಾಗಿಲ ಹಾಕಿತ್ರಿ. ಯಾರೂ ಬಡೀಲಿಲ್ಲ.”

“ನಾ ಬಂದಿದ್ದೆರೀ, ಪ್ರಿಂಟ್ ಬೇಕಿತ್ತು,” ಎಂದಳು ಮುನೀರಾ, ಸಹಾಯ ಮಾಡುವ ಹುರುಪಿನಲ್ಲಿ. “ಎರಡೂವರೆಗೊಮ್ಮೆ, ಮೂರಕ್ಕೊಮ್ಮೆ. ಬಾಗಿಲ ಮುಂದ ಇವರ ಚಪ್ಪಲ್ ಇರ್ಲಿಲ್ರಿ. ಒಳಗ ಯಾರೂ ಇಲ್ಲಂತ ಬಡೀದೇ ಹೋದೆ.” ಮಾಳಿಂಗಪ್ಪ ಬಾಗಿಲತ್ತ ಹೊರಳಿದ. ಯಂತ್ರಗಳಿಗೆ ಧೂಳು ತಾಗಬಾರದೆಂದು ಹಣಮಂತ ತಾನೇ ಬರೆದು ಅಂಟಿಸಿದ್ದ ‘ಪಾದರಕ್ಷೆ ಹೊರಗೆ ಬಿಡಿ’ ಹಾಳೆಯ ಕೆಳಗೆ ಪೊಲೀಸ್ ಬೂಟುಗಳಿದ್ದವು, ಅಮೋಘಪ್ಪನ ಮೆಟ್ಟುಗಳಿದ್ದವು, ಮುನೀರಾಳ ಸ್ಯಾಂಡಲ್ಲುಗಳಿದ್ದವು. ಅವುಗಳ ಪಕ್ಕದಲ್ಲಿ, ಗುರುವಾರ ಅವನು ಮೆಟ್ಟಿಕೊಂಡು ಹಿಂಬಾಗಿಲಿನಿಂದ ಇಳಿದಿದ್ದ ಚಪ್ಪಲಿಗಳು.