ಕಾಫಿ ಚರಟದ ಹಾಗೆ

ದೊರೆ ಬಚ್ಚಲುಮನೆಯಲ್ಲಿ, ಬಕೆಟ್ಟಿನ ಹಿಂದೆ ಸಿಕ್ಕ. ನಾಲ್ಕು ಕಾಲೂ ನಡುಗುತ್ತಿದ್ದವು. ಎತ್ತಿಕೊಳ್ಳಲು ಹೋದ ಅಕ್ಕನ ಕೈ ಪರಚಿ, ಗೋಡೆಗೆ ಡಿಕ್ಕಿ ಹೊಡೆದು, ಮತ್ತೆ ಬಿದ್ದ. ನೆಲದ ಮೇಲೆ ಕಡುಕಂದು ಬಣ್ಣದ ವಾಂತಿ.

ದೊರೆ ಆ ಮನೆಯ ಬೆಕ್ಕು. ಹೆಸರಿಗೆ ತಕ್ಕಂತೆ ದುಡಿಮೆ ಸೊನ್ನೆ, ದರ್ಪ ಬೇಕಾದಷ್ಟು. ಇಲಿ ಎದುರಾದರೆ ಕಾಲು ಮಡಚಿ ದಾರಿ ಬಿಡುವ ದೊಡ್ಡ ಮನಸ್ಸು. ಅಕ್ಕ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಳು.

"ವಿಷ ಕಣೇ ಪುಟ್ಟಿ," ಎಂದಳು ಅಕ್ಕ. "ಹಾಕ್ತೀನಿ ಅಂದಿದ್ಲು. ಹಾಕಿದ್ಲು."

ಪುಟ್ಟಿ ಎಂದರೆ ಅಕ್ಕನ ತಂಗಿ. ಹೊರಗಿನವರಿಗೆ ಪೊಲೀಸ್ ಇನ್‌ಸ್ಪೆಕ್ಟರ್. ಕಳ್ಳರ ಮುಖ ನೋಡದೆ ನಾಲ್ಕು ದಿನ ನಿದ್ದೆ ಹೊಡೆಯೋಣವೆಂದು ರಜೆ ಹಾಕಿ ಅಕ್ಕನ ಮನೆಗೆ ಬಂದಿದ್ದಳು.

ಹಾಕಿದ್ದು ಯಾರು ಎಂದು ಕೇಳುವ ಹಾಗೇ ಇರಲಿಲ್ಲ. ಅಕ್ಕನ ಬೆರಳು ಮಹಡಿಯತ್ತ ಎದ್ದಿತ್ತು. ಮಹಡಿಯಲ್ಲಿ ಭಾವನ ತಮ್ಮ ಮತ್ತು ಅವನ ಹೆಂಡತಿ, ಅಂದರೆ ಅಕ್ಕನ ವಾರಗಿತ್ತಿ. ಹೊಲಿಗೆ ಅವಳ ಕೆಲಸ. ಅವಳೂ ಅಕ್ಕನೂ ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಂಡವರು. ಒಂದು ದಿನ ದೊರೆ ಮೇಲೆ ಹೋಗಿ, ಗಿರಾಕಿಯೊಬ್ಬಳ ಮದುವೆಯ ಉಡುಪಿನ ಮೇಲೆ ಉಗುರು ಮಸೆದ. "ಇನ್ನೊಂದ್ಸಲ ಬಂದ್ರೆ ವಿಷ ಹಾಕ್ತೀನಿ" ಎಂದು ವಾರಗಿತ್ತಿ ಮೆಟ್ಟಿಲ ಮೇಲೆ ನಿಂತು ಕೂಗಿದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಅಕ್ಕ ಬೆಕ್ಕಿನ ಡಾಕ್ಟರಿಗೆ ಫೋನ್ ಮಾಡಿದಳು.

"ವಾಂತಿ ಹೇಗಿದೆ?"

"ಕಾಫಿ ಚರಟದ ಹಾಗಿದೆ ಡಾಕ್ಟ್ರೇ."

"ಹೊಟ್ಟೆಯೊಳಗೆ ರಕ್ತ ಹೋಗಿದೆ. ಇಲಿ ಪಾಷಾಣ ಇರಬಹುದು. ತಕ್ಷಣ ಕರ್ಕೊಂಡು ಬನ್ನಿ."

ತಂಗಿ ಚಪ್ಪಲಿ ಮೆಟ್ಟಿ ಬರುವಷ್ಟರಲ್ಲಿ ಅಕ್ಕ ಬಚ್ಚಲನ್ನು ಫಿನಾಯಿಲ್ ಹಾಕಿ ತೊಳೆದಾಗಿತ್ತು.

"ಅಕ್ಕ, ಸಾಕ್ಷಿ ನಾಶ ಮಾಡೋದ್ರಲ್ಲಿ ನಿನ್ನ ಮುಂದೆ ಕೊಲೆಗಾರರೆಲ್ಲ ಕೈಕಟ್ಟಿ ನಿಂತ್ಕೋಬೇಕು," ಎಂದಳು ತಂಗಿ.

ಅಕ್ಕನಿಗೆ ನಗು ಬರಲಿಲ್ಲ. ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು. "ನಿಮ್ಮ ತಮ್ಮಂಗೆ ಹೇಳ್ಬಿಡಿ. ಸಂಜೆ ಒಳಗೆ ಮೇಲಿನ ಮನೆ ಖಾಲಿ ಆಗ್ಬೇಕು. ಇಲ್ಲಾಂದ್ರೆ ನಾನೇ ಹೋಗ್ತೀನಿ."

ಭಾವ ಮಹಡಿಯತ್ತ ನೋಡಿದ. ಅಣ್ಣ ತಮ್ಮ ಇಬ್ಬರ ನಡುವೆ ಎಂದೂ ಒಂದು ಒರಟು ಮಾತು ಬಂದದ್ದಿಲ್ಲ. ಈಗಲೂ ಬೀದಿಯ ಮೂಲೆಯಲ್ಲಿ ಕದ್ದುಮುಚ್ಚಿ ಸೇರಿ ಟೀ ಕುಡಿಯುವವರು. ಹೆಂಡತಿಯ ಮುಖ ನೋಡಿದರೆ ಈ ಸಲ ಅದು ಬರೀ ಬೆದರಿಕೆಯಲ್ಲ ಎಂದು ಅವನಿಗೆ ಗೊತ್ತಾಯಿತು.

*

ಡಾಕ್ಟರು ರಕ್ತ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಏನೋ ಹೊಂದ್ತಾ ಇಲ್ಲ."

"ಏನು?" ಎಂದಳು ತಂಗಿ.

"ರಕ್ತ ಹೋಗಿದ್ರೆ ಒಸಡು ಬಿಳುಚ್ಕೋಬೇಕು. ಇವನದು ಕೆಂಪಗಿದೆ. ಇಲಿ ಪಾಷಾಣ ತಿಂದ ಬೆಕ್ಕು ಎರಡು ಮೂರು ದಿನ ಆದ್ಮೇಲೆ ಮಂಕಾಗಿ ಮೂಲೆ ಸೇರುತ್ತೆ. ಇವನು ನೋಡಿ, ಕೈಗೇ ಸಿಗ್ತಿಲ್ಲ. ಎದೆ ಹೊಲಿಗೆ ಮೆಷೀನಿನ ಹಾಗೆ ಹೊಡ್ಕೊಳ್ತಿದೆ."

ಹೊಲಿಗೆ ಮೆಷೀನು ಎಂದ ಕೂಡಲೇ ಅಕ್ಕ ತಂಗಿಯ ಮುಖ ನೋಡಿದಳು, ಡಾಕ್ಟರೇ ಸಾಕ್ಷಿ ಹೇಳಿದರೇನೋ ಎಂಬಂತೆ.

ತಂಗಿ ದೊರೆಯ ಮುಂಗಾಲನ್ನು ಹಿಡಿದು ನೋಡಿದಳು. ಬೆರಳುಗಳ ಸಂದಿಯಲ್ಲಿ ಕಪ್ಪಗೆ ಏನೋ ಮೆತ್ತಿತ್ತು.

"ಮಣ್ಣು," ಎಂದಳು ಅಕ್ಕ. "ಎಲ್ಲಾದ್ರೂ ಕೆರೆದಿರ್ತಾನೆ."

"ಏನು ತಿಂದಿದಾನೆ ಅಂತ ಬೇಗ ಗೊತ್ತಾಗ್ಬೇಕು," ಎಂದರು ಡಾಕ್ಟರು. "ಹೃದಯ ಹೀಗೇ ಓಡಿದ್ರೆ ಜಾಸ್ತಿ ಹೊತ್ತು ತಡೆಯಲ್ಲ."

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ತಂಗಿ ಬೈಕ್ ಹತ್ತಿ ಮನೆಗೆ ತಿರುಗಿದಳು.

*

ವಾರಗಿತ್ತಿ ಮೆಷೀನಿನ ಮುಂದೆ ಕೂತಿದ್ದಳು. ಸೂಜಿಗೆ ದಾರವೇ ಇರಲಿಲ್ಲ. ಕಣ್ಣು ಕೆಂಪಗಿತ್ತು.

"ಪೊಲೀಸಾಗಿ ಬಂದ್ಯಾ, ಪುಟ್ಟಿಯಾಗಿ ಬಂದ್ಯಾ?"

"ಕಾಫಿ ಕುಡಿಯೋಕೆ ಬಂದೆ. ಕೆಳಗಡೆ ಬರೀ ಟೀ. ನಾಲಿಗೆ ಸತ್ತು ಹೋಗಿದೆ."

ಅದು ಸುಳ್ಳಲ್ಲ. ಕಾಫಿ ಎಂದರೆ ಅಕ್ಕನಿಗೆ ಎದೆಯುರಿ. ಕೆಳಗಿನ ಮನೆಯಲ್ಲಿ ಒಂದು ಚಿಟಿಕೆ ಕಾಫಿಪುಡಿಯೂ ಸಿಗುತ್ತಿರಲಿಲ್ಲ.

ವಾರಗಿತ್ತಿ ಕಾಫಿಗೆ ನೀರಿಟ್ಟಳು. ತಂಗಿಯ ಕಣ್ಣು ಸುಮ್ಮನೆ ಕೂರುವ ಜಾತಿಯದಲ್ಲ. ಮೆಷೀನಿನ ಕೆಳಗೆ ಒಂದು ಪೊಟ್ಟಣ ಕಂಡಿತು. ಇಲಿ ಪಾಷಾಣ. ಬಗ್ಗಿ ಎತ್ತಿ ನೋಡಿದರೆ ಪೊಟ್ಟಣದ ಬಾಯಿಯನ್ನು ಯಾರೂ ಒಡೆದಿರಲಿಲ್ಲ.

"ಇದು?"

"ಇಲಿ ಬಟ್ಟೆ ಕಡಿತಾವೆ ಅಂತ ತಂದೆ. ದೊರೆ ಗಿರೆ ತಿಂದ್ಬಿಟ್ರೆ ಅಂತ ಒಡೀಲೇ ಇಲ್ಲ." ಹೇಳಿದ ಮೇಲೆ ವಾರಗಿತ್ತಿ ತುಟಿ ಕಚ್ಚಿಕೊಂಡಳು. ಆಮೇಲೆ ಕೇಳಿದಳು. "ಬದುಕ್ತಾನಾ?"

"ಗೊತ್ತಿಲ್ಲ."

ವಾರಗಿತ್ತಿ ಕಾಫಿ ಸೋಸಿದಳು. ಸೋಸುವ ಬಟ್ಟೆಯಲ್ಲಿ ಉಳಿದ ಚರಟವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಒಂದು ಹಳೆಯ ಡಬ್ಬಿಗೆ ಕೊಡವಿ ಮುಚ್ಚಳ ಹಾಕಿದಳು. ತಂಗಿ ಬುಟ್ಟಿಗೆ ಇಣುಕಿದಳು. ದಾರದ ಚೂರು, ಬಟ್ಟೆಯ ಚಿಂದಿ, ಅಷ್ಟೆ. ಮುಚ್ಚಳ ತೆಗೆದು ನೋಡಿದರೆ ಡಬ್ಬಿಯೂ ಈಗ ಹಾಕಿದ್ದು ಬಿಟ್ಟರೆ ಖಾಲಿ. ಆದರೆ ಬಾಯಿತನಕ ಕಂದು ಕಲೆ ಹಿಡಿದಿತ್ತು.

"ಚರಟ ಯಾಕೆ ಎತ್ತಿಡ್ತೀಯ?"

ವಾರಗಿತ್ತಿಯ ಕೈ ನಿಂತಿತು. "ಸುಮ್ನೆ."

ಠಾಣೆಯಲ್ಲಿ ಈ ಮಾತು ತಂಗಿಯ ಕಿವಿಗೆ ದಿನಾ ಬೀಳುವಂಥದ್ದು. ಸುಮ್ನೆ ಎಂದವರು ಯಾರೂ ಸುಮ್ಮನೆ ಏನನ್ನೂ ಮಾಡಿದವರಲ್ಲ. ಆಸೆಪಟ್ಟು ಕೇಳಿದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದಳು.

*

ಮೆಟ್ಟಿಲ ಬುಡದಲ್ಲಿ, ಅಕ್ಕನ ಬಾಗಿಲ ಪಕ್ಕ ಒಂದು ಕುಂಡವಿತ್ತು. ಅದರಲ್ಲಿ ಮೊಣಕಾಲೆತ್ತರದ ಕಾಫಿ ಗಿಡ. ಮದುವೆಯಾಗಿ ಬಂದ ಹೊಸತರಲ್ಲಿ ವಾರಗಿತ್ತಿ ಅಕ್ಕನಿಗೆ ಕೊಟ್ಟದ್ದು. ಅಂದಕ್ಕೆ ಇರಲಿ, ನೀವಂತೂ ಕುಡಿಯಲ್ಲ ಎಂದು ನಗೆಯಾಡಿ ಕೊಟ್ಟದ್ದು.

ತಂಗಿ ಕುಕ್ಕರುಗಾಲಲ್ಲಿ ಕೂತಳು. ಕೆಳಗಿನ ಎಲೆಗಳು ಸುಟ್ಟಂತೆ ಒಣಗಿದ್ದವು. ತುದಿಯಲ್ಲಿ ಮಾತ್ರ ಎಳೆ ಹಸಿರು ಚಿಗುರು. ಒಂದೆರಡು ಎಲೆಯ ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು. ಬುಡದಲ್ಲಿ ಕಪ್ಪಗೆ, ದಪ್ಪಗೆ ಏನೋ ಹರಡಿತ್ತು. ಅದರ ನಡುವೆ ಗುಂಡಿ ತೋಡಿ, ಮತ್ತೆ ಮುಚ್ಚಿದ ಗುರುತು. ಬೆಕ್ಕುಗಳು ಏನು ಮಾಡಿ ಹಾಗೆ ಮುಚ್ಚುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿ ಮೂಸಿದಳು. ಫೋನ್ ತೆಗೆದಳು.

"ಡಾಕ್ಟ್ರೇ, ವಾಂತಿ ಕಾಫಿ ಚರಟದ ಹಾಗಿದೆ ಅಂದಾಗ ನೀವು ರಕ್ತ ಅಂದ್ಕೊಂಡ್ರಿ, ಅಲ್ವಾ?"

"ಹೌದು. ಹೊಟ್ಟೇಲಿ ರಕ್ತ ಕೆಟ್ಟಾಗ ಹಾಗೇ ಕಾಣುತ್ತೆ. ನಮ್ಮ ಪುಸ್ತಕದಲ್ಲೂ ಅದೇ ಹೋಲಿಕೆ."

"ಅಕ್ಕ ಹೋಲಿಸಿದ್ದು ಸರೀನೇ. ಆದ್ರೆ ಅದು ಕಾಫಿ ಚರಟದ ಹಾಗಿರಲಿಲ್ಲ ಡಾಕ್ಟ್ರೇ. ಕಾಫಿ ಚರಟವೇ ಆಗಿತ್ತು."

ಫೋನ್ ಆರಿಸದೆಯೇ ಡಾಕ್ಟರು ಓಡಿದ ಸದ್ದು ಕೇಳಿಸಿತು.

*

ತಂಗಿ ವಾರಗಿತ್ತಿಯನ್ನು ಆಸ್ಪತ್ರೆಗೆ ಕರೆತಂದಾಗ ಅಕ್ಕ ಬೆಂಚಿನಿಂದ ಧಡಕ್ಕನೆ ಎದ್ದಳು.

"ಇವಳನ್ಯಾಕೆ ಕರ್ಕೊಂಡು ಬಂದೆ?"

"ಕೂತ್ಕೋ. ನೀನು ಹೇಳಿದ್ದು ನಿಜ. ದೊರೆ ಹೊಟ್ಟೆಗೆ ಹೋಗಿದ್ದು ಇವಳು ಹಾಕಿದ್ದೇ. ಆದ್ರೆ ಇವಳು ಹಾಕಿದ್ದು ದೊರೆಗಲ್ಲ, ಗಿಡಕ್ಕೆ."

ಅಕ್ಕ ಮತ್ತೆ ಬೆಂಚಿನ ಮೇಲೆ ಕೂತಳು.

"ನಿನ್ನ ಮನೇಲಿ ಕಾಫಿಪುಡಿ ಇಲ್ಲ. ಇವಳ ಕಸದ ಬುಟ್ಟೀಲಿ ಚರಟ ಇಲ್ಲ. ಎಲ್ಲಾ ಮೆಟ್ಟಿಲ ಹತ್ರ ಇರೋ ಕುಂಡಕ್ಕೆ ಹೋಗಿದೆ, ಗೊಬ್ಬರ ಅಂತ. ದೊರೆ ಅಲ್ಲಿ ಕೆರೆದ. ಚರಟ ಕಾಲಿಗೆ ಮೆತ್ಕೊಳ್ತು. ಬೆಕ್ಕು ಕಾಲು ಕೊಳೆ ಇಟ್ಕೊಂಡು ಕೂರತ್ತಾ? ಒಂದೊಂದೇ ಬೆರಳು ಬಿಡಿಸಿ ನೆಕ್ಕಿದಾನೆ. ಮೇಲಿಂದ ನಾಲ್ಕು ಎಲೆನೂ ಕಡಿದಿದಾನೆ."

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. "ಎಲೆ, ಹಣ್ಣು, ಬೀಜ, ಪುಡಿ, ಎಲ್ಲದ್ರಲ್ಲೂ ಕೆಫೀನ್ ಇದೆ. ಕುದಿಸಿ ಸೋಸಿದ್ರೂ ಚರಟದಲ್ಲಿ ಉಳಿಯುತ್ತೆ. ನಮಗೆ ಅದು ಚುರುಕು. ಅಷ್ಟು ಸಣ್ಣ ಮೈಗೆ ವಿಷ. ಇದಕ್ಕೆ ಪ್ರತಿಮದ್ದು ಅಂತ ಇಲ್ಲ. ನಡುಕಕ್ಕೆ, ಎದೆಬಡಿತಕ್ಕೆ ಔಷಧಿ ಕೊಟ್ಟಿದೀನಿ, ಸಲೈನ್ ಹಾಕಿದೀನಿ. ಕಾಯೋಣ." ಎಂದು ಒಳಗೆ ಹೋದರು.

ವಾರಗಿತ್ತಿ ಗೋಡೆಗೆ ಒರಗಿದಳು. "ಹಾಗಾದ್ರೆ ಹಾಕಿದ್ದು ನಾನೇ," ಎಂದಳು. ಸೆರಗಿನಿಂದ ಬಾಯಿ ಒತ್ತಿಹಿಡಿದು ಅತ್ತಳು. "ದಿನಾ ನೀರು ಹಾಕಿ, ಚಿಟಿಕೆ ಚಿಟಿಕೆ ಚರಟ ಹಾಕ್ತಿದ್ದೆ ಅಕ್ಕ. ಇವತ್ತು ಬೆಳಿಗ್ಗೆ ಚಿಗುರು ಕಾಣಿಸ್ತು. ಖುಷಿಗೆ ಡಬ್ಬಿ ಪೂರ್ತಿ ಸುರಿದೆ."

ಜಗಳವಾದ ಮೇಲೂ ಅವಳ ಬಾಯಲ್ಲಿ ಅಕ್ಕ ಎಂಬುದು ಅಕ್ಕನಾಗಿಯೇ ಉಳಿದಿತ್ತು. ಎಷ್ಟೋ ಅಪರಾಧಿಗಳಿಂದ ತಪ್ಪೊಪ್ಪಿಗೆ ಕೇಳಿದ ತಂಗಿ, ಈ ತಪ್ಪೊಪ್ಪಿಗೆಯನ್ನು ಕೇಳಲಾರದೆ ಬೇರೆ ಕಡೆ ನೋಡಿದಳು.

"ಒಂದು ಉಳೀತು," ಎಂದಳು ಆಮೇಲೆ. "ಗಿಡ ಅಷ್ಟು ಒಣಗಿದ್ದು ಯಾಕೆ?"

ಅಕ್ಕ ತಲೆ ತಗ್ಗಿಸಿದಳು.

"ನಾನು ನೀರು ಹಾಕೋದು ಬಿಟ್ಟಿದ್ದೆ," ಎಂದಳು. "ಇವಳ ಮೇಲಿನ ಸಿಟ್ಟಿಗೆ. ಎಸೆಯೋಕೆ ಮನಸ್ಸು ಬರ್ಲಿಲ್ಲ, ಸಾಯ್ಲಿ ಅಂತ ಬಿಟ್ಟೆ. ನೀರು ಕಾಣದ ಗಿಡ ಸಾಯದೆ ನಿಂತ್ರೆ ಯಾರೋ ನೋಡ್ಕೊಳ್ತಿದಾರೆ ಅಂತ ಗೊತ್ತಾಗಲ್ವೇನೇ ನಂಗೆ? ಗೊತ್ತಾಗಿತ್ತು. ಯಾರು ಅಂತಾನೂ ಗೊತ್ತಾಗಿತ್ತು. ಒಂದು ಮಾತು ಕೇಳಿದ್ರೆ ನಾನು ಸೋತ ಹಾಗೆ ಅಂತ ಸುಮ್ನಿದ್ದೆ."

ಅಣ್ಣ ತಮ್ಮ ಇಬ್ಬರೂ ಆಗಲೇ ಬಂದು ಗೇಟಿನ ಬಳಿ ಜೋಡಿ ಕಂಬದಂತೆ ನಿಂತಿದ್ದರು. ಒಳಗೆ ಬರಲು ಇಬ್ಬರಿಗೂ ಧೈರ್ಯವಿರಲಿಲ್ಲ.

"ಮನೆ ಖಾಲಿ ಮಾಡೋ ವಿಷ್ಯ..." ಎಂದ ಭಾವ, ಅಲ್ಲಿಂದಲೇ.

"ಯಾರೂ ಎಲ್ಲಿಗೂ ಹೋಗ್ತಿಲ್ಲ," ಎಂದಳು ಅಕ್ಕ, ತಿರುಗಿಯೂ ನೋಡದೆ.

ಒಳಗಿನಿಂದ ಡಾಕ್ಟರು ಬಂದರು. ಮುಖದಲ್ಲಿ ನಗುವಿರಲಿಲ್ಲ, ಆದರೆ ಬಿಗಿಯೂ ಇರಲಿಲ್ಲ. "ಎದೆಬಡಿತ ಇಳೀತಾ ಇದೆ. ಇವತ್ತು ಇಲ್ಲೇ ಇರ್ಲಿ. ನೋಡ್ಬೇಕಾದ್ರೆ ಒಬ್ರು ಬನ್ನಿ. ಒಬ್ರೇ. ಗಾಬರಿ ಆಗ್ಬಾರ್ದು ಅವನಿಗೆ."

ಅಕ್ಕ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು. ಹಿಂದಕ್ಕೆ ಬಂದು, ವಾರಗಿತ್ತಿಯ ಮುಖದಿಂದ ಸೆರಗು ಸರಿಸಿ, ತನ್ನ ಅಂಗೈಯಲ್ಲೇ ಅವಳ ಕೆನ್ನೆ ಒರೆಸಿದಳು.

"ನೀನು ಹೋಗು," ಎಂದಳು.