ಲಾರಿ ಹತ್ತಿದ ಮೇಲೆ ಯಾರ ಮಾಲು

“ಅಳಬೇಡಿ ಅತ್ತೆ. ವಿಮೆ ಇದೆ.”

ಸೊಸೆ ಮೇಘಶ್ರೀ ಹೇಳಿದ್ದು ಅಷ್ಟೇ. ಅರಸೀಕೆರೆಯ ಆ ಮನೆಯ ಪಡಸಾಲೆಯಲ್ಲಿ ಟಿ.ವಿ. ಮುಂದೆ ಇಪ್ಪತ್ತು ಜನ ನೆಂಟರು ಬಾಯಿ ತೆರೆದುಕೊಂಡು ಕೂತಿದ್ದರು. ಬೇಲೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವರೂ ಅವರಲ್ಲಿದ್ದರು. ಅಡುಗೆಮನೆಯಲ್ಲಿ ಆರು ಗಂಟೆಯಿಂದ ತಟ್ಟಿದ ಹೋಳಿಗೆ ಬುಟ್ಟಿ ತುಂಬಿತ್ತು. ಕಾಲು ಗಂಟೆಯ ಹಿಂದೆ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಈಗ ತಲೆಯ ಮೇಲಿದ್ದವು. ರಾಕೆಟ್ಟಿನ ಮೂರನೆಯ ಹಂತ ಕೈಕೊಟ್ಟಿತು, ಹೊತ್ತೊಯ್ದದ್ದೆಲ್ಲ ಸಮುದ್ರದ ಪಾಲಾಯಿತು ಎಂದು ಟಿ.ವಿ.ಯವರು ಹೇಳಿ ಮುಗಿಸಿದ್ದರು. ಸಮುದ್ರಕ್ಕೆ ಬಿದ್ದದ್ದರಲ್ಲಿ ಈ ಮನೆಯ ಮಗ ಇಂದ್ರೇಶ್ ತನ್ನ ಗೆಳೆಯ ಹೇಮಂತನ ಜೊತೆ ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿದ ಪುಟ್ಟ ಉಪಗ್ರಹವೂ ಇತ್ತು. ಗಾತ್ರದಲ್ಲಿ ಅಕ್ಕಿ ಡಬ್ಬದಷ್ಟು, ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ. ತೆಂಗಿನ ತೋಟಗಳನ್ನು ಮೇಲಿನಿಂದ ನೋಡಿ ಯಾವ ತೋಟಕ್ಕೆ ರೋಗ ಹತ್ತುತ್ತಿದೆ ಎಂದು ಮೊದಲೇ ಹೇಳಬೇಕಿದ್ದ ಯಂತ್ರ ಅದು. ಅದಕ್ಕಾಗಿ ಇಂದ್ರೇಶನ ತಂದೆ ಷಡಕ್ಷರಪ್ಪನವರು ತಮ್ಮ ಕೊಬ್ಬರಿ ಮಂಡಿಯ ಗೋದಾಮನ್ನೇ ಬ್ಯಾಂಕಿಗೆ ಬರೆದುಕೊಟ್ಟಿದ್ದರು.

ವಿಮೆ ಇದೆ ಎಂದ ಮೇಲೆ ನೆಂಟರು ಉಸಿರು ಬಿಟ್ಟರು. ಮೇಘಶ್ರೀ ಮಾವನ ಕಡೆ ತಿರುಗಿದಳು. ಷಡಕ್ಷರಪ್ಪನವರು ಟಿ.ವಿ. ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದರು. ಮೇಘಶ್ರೀ ಒಂಬತ್ತು ವರ್ಷದಿಂದ ಒಂದು ವಿಮಾ ಕಂಪನಿಯ ಏಜೆಂಟು. ಗಂಡಸಿ, ಜಾವಗಲ್ ಸುತ್ತಿನ ಹಸುಗಳಿಗೆ, ತೆಂಗಿನ ಮರಗಳಿಗೆ, ಕೊಬ್ಬರಿ ಲಾರಿಗಳಿಗೆ ವಿಮೆ ಬರೆದವಳು. ಅಂಥ ಮುಖವನ್ನು ಅವಳು ಬಹಳ ಸಲ ನೋಡಿದ್ದಳು. ಹಣ ಕಟ್ಟದೆ ಬಿಟ್ಟವರ ಮುಖ ಅದು.

ಅವರು ಅವಳನ್ನು ದೇವರ ಮನೆಗೆ ಕರೆದು, ವಿಭೂತಿ ಗಟ್ಟಿಗಳ ಪೆಟ್ಟಿಗೆಯ ಕೆಳಗಿನಿಂದ ಒಂದು ಲಕೋಟೆ ತೆಗೆದು ಕೈಗಿಟ್ಟರು. ಒಳಗೆ ಅವಳೇ ತುಂಬಿಕೊಟ್ಟಿದ್ದ ಅರ್ಜಿ ಸಹಿಯಿಲ್ಲದೆ ಹಾಗೇ ಇತ್ತು. ಜೊತೆಗೆ ವಿಮೆಯ ಕಂತಿನ ಹದಿನಾರು ಲಕ್ಷದ ಚೆಕ್ಕು.

ಏನು ಹೇಳೋಣ ಇಂಥವರಿಗೆ? ಎರಡು ವಾರದ ಹಿಂದೆ ಅವಳು ಈ ಅರ್ಜಿಯನ್ನು ಹಿಡಿದು ಮಂಡಿಗೆ ಹೋಗಿದ್ದಾಗ ಡೆಲ್ಲಿ ಲಾರಿಗೆ ಕೊಬ್ಬರಿ ಮೂಟೆ ಏರುತ್ತಿತ್ತು. ಇಂದ್ರೇಶ್ ಆಗಲೇ ಉಡಾವಣೆಯ ಊರು ಸೇರಿದ್ದ. ಗೆಳೆಯರಿಬ್ಬರ ಕಂಪನಿಯ ಹಣಕಾಸಿಗೆ ಸಹಿ ಹಾಕುವವರು ಷಡಕ್ಷರಪ್ಪನವರೇ. ಉಪಗ್ರಹವನ್ನು ಉಡಾವಣೆಯ ಜಾಗಕ್ಕೆ ಸಾಗಿಸುವ ವಿಮೆಗೆ ಅವರು ನಗುನಗುತ್ತಾ ಸಹಿ ಹಾಕಿದ್ದರು, ಯಾಕೆಂದರೆ ಅದು ಲಾರಿಯಲ್ಲಿ ಹೋಗುತ್ತಿತ್ತು, ಲಾರಿ ವಿಷಯ ಅವರಿಗೆ ಗೊತ್ತು. ಆದರೆ ಆ ವಿಮೆ ರಾಕೆಟ್ಟಿಗೆ ಬೆಂಕಿ ಹಚ್ಚುವ ಗಳಿಗೆಗೆ ಮುಗಿಯುತ್ತದೆ, ಅಲ್ಲಿಂದಾಚೆಗೆ ಇನ್ನೊಂದು ವಿಮೆ ಬೇಕು, ಅಪಾಯ ಶುರುವಾಗುವುದೇ ಅಲ್ಲಿ ಎಂದು ಮೇಘಶ್ರೀ ಬಿಡಿಸಿ ಬಿಡಿಸಿ ಹೇಳಿದ್ದಳು. ರಾಕೆಟ್ಟು ಬಿದ್ದರೆ ಅದರವರು ಒಂದು ಪೈಸೆಯನ್ನೂ ಕೊಡುವುದಿಲ್ಲ, ಒಪ್ಪಂದದಲ್ಲಿ ಬರೆದಿದೆ ಎಂದೂ ಹೇಳಿದ್ದಳು.

ಷಡಕ್ಷರಪ್ಪನವರು ಮೂಟೆ ಎಣಿಸುವುದನ್ನು ನಿಲ್ಲಿಸದೆಯೇ ಉತ್ತರ ಕೊಟ್ಟಿದ್ದರು. “ಲಾರಿ ಹತ್ತೋ ತನಕ ಮಾಲು ನಮ್ದು ತಾಯಿ. ಹತ್ತಿದ ಮೇಲೆ ಲಾರಿ ಕಳಿಸಿದೋರ್ದು. ಐವತ್ತು ವರ್ಷದಿಂದ ಇದೇ ಮಾತಿನ ಮೇಲೆ ವ್ಯಾಪಾರ ಮಾಡಿದೀನಿ, ಡೆಲ್ಲಿಯೋರು ಒಬ್ರೂ ತಕರಾರು ತೆಗೆದಿಲ್ಲ. ಬೆಂಕಿ ಹಚ್ಚಿದ ಮೇಲೆ ಶುರುವಾಗೋ ವಿಮೆ, ಅದ್ಯಾವ ಸೀಮೇದು?”

ರಾಕೆಟ್ಟು ಲಾರಿಯಲ್ಲ ಮಾವ ಎಂದು ಅವಳು ಗೋಗರೆದಿದ್ದಳು. ಆಗಲಿ, ಇಟ್ಟು ಹೋಗು ಅಂದಿದ್ದರು. ಮೂರು ದಿನ ಬಿಟ್ಟು ಕೇಳಿದರೆ, ಕಳಿಸಿ ಆಯ್ತಲ್ಲ ಎಂದಿದ್ದರು. ರಸೀದಿ ಎಲ್ಲಿ ಎಂದು ಅವಳು ಕೇಳಬೇಕಿತ್ತು. ಊರಿನವರ ಹತ್ತಿರ ಹತ್ತು ರೂಪಾಯಿಗೂ ರಸೀದಿ ಕೇಳುವವಳು ಮಾವನ ಹತ್ತಿರ ಕೇಳಲಿಲ್ಲ. ಮಾವನನ್ನು ರಸೀದಿ ಕೇಳುವ ಸೊಸೆ ಆ ಮನೆಯಲ್ಲಿ ಹಿಂದೆ ಇರಲಿಲ್ಲ, ಅದೇ ಆದ ತಪ್ಪು.

ದುಡ್ಡನ್ನು ಅವರು ಮುಟ್ಟಿರಲಿಲ್ಲ ಎನ್ನುವುದು ಇನ್ನೂ ಹೊಟ್ಟೆ ಉರಿಸುವ ವಿಷಯ. ಉಪಗ್ರಹ ಮೇಲೆ ಹೋಗಿ ಕೂತ ಮೇಲೆ ಮಗನನ್ನು ಕರೆದು, ನೋಡಪ್ಪ, ನಿನಗೆ ಹದಿನಾರು ಲಕ್ಷ ಉಳಿಸಿದೀನಿ ಎಂದು ಕೊಡಬೇಕೆಂದು ದೇವರ ಮನೆಯಲ್ಲಿಟ್ಟಿದ್ದರು! ಪ್ರೀತಿಯಿಂದ ಮನೆ ಮುಳುಗಿಸುವವರನ್ನು ಬೈಯುವುದಾದರೂ ಹೇಗೆ?

“ಹತ್ತು ದಿನ ಕೊಡು ತಾಯಿ,” ಎಂದರು ಷಡಕ್ಷರಪ್ಪ. ಎಪ್ಪತ್ತೆರಡು ವರ್ಷದ ಮನುಷ್ಯ ಸೊಸೆಗೆ ಕೈ ಮುಗಿದು ನಿಂತಿದ್ದರು. “ನಾನೇ ಹೇಳ್ತೀನಿ ಅವನಿಗೆ. ಅಲ್ಲೀವರ್ಗೂ ನೀನು ಬಾಯಿ ಬಿಡಬೇಡ... ನನ್ನ ಮಗ ನನ್ನ ಮುಖ ನೋಡಲ್ಲ.”

ಈ ಕೈಗಳೇ ಒಂಬತ್ತು ವರ್ಷದ ಹಿಂದೆ ಅವಳಿಗೆ ಸ್ಕೂಟರಿನ ಕೀಲಿ ಕೊಟ್ಟಿದ್ದವು. ಸೊಸೆ ಹಳ್ಳಿ ಹಳ್ಳಿ ಅಲೆಯುವುದು ಬೇಡ ಎಂದು ಅತ್ತೆ ಗುರುಸಿದ್ದಮ್ಮನವರು ಊಟ ಬಿಟ್ಟು ಕೂತಾಗ, ಅವಳು ದುಡಿದರೆ ನಿನಗೇನು ಕಷ್ಟ ಎಂದು ಎದುರು ನಿಂತವರೂ ಇವರೇ. ಹಳೇಬೀಡಿನ ತೌರಿನಲ್ಲಿ ತಂದೆಯಿಲ್ಲದೆ ಬೆಳೆದ ಮೇಘಶ್ರೀಗೆ ಆ ಕೈ ಮುಗಿದುಕೊಂಡಿರುವುದನ್ನು ನೋಡಲಾಗಲಿಲ್ಲ. ಆಯಿತು ಮಾವ ಎಂದುಬಿಟ್ಟಳು.

ಮೂರನೆಯ ದಿನ ಇಂದ್ರೇಶ್ ಬಂದ. ಗಡ್ಡ ಬೆಳೆದು, ಕಣ್ಣು ಕೆಂಪಾಗಿ, ರೈಲಿನಿಂದ ಇಳಿದವನು ಚಪ್ಪಲಿ ಬಿಡುವ ಮೊದಲೇ, ವಿಮೆ ಹಣಕ್ಕೆ ಯಾವಾಗ ಅರ್ಜಿ ಹಾಕೋದು ಮೇಘಾ ಎಂದು ಕೇಳಿದ. ಕಟ್ಟಿಲ್ಲ ಎಂದಳು. ಮರೆತೆಯಾ ಎಂದ. ಅವಳು ಮಾವನ ಕಡೆ ನೋಡಿದಳು. ಮಾವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿದಳು. ತಲೆ ತಗ್ಗಿಸಿದವರನ್ನು ಅಪರಾಧಿ ಅನ್ನಲು ನಮ್ಮ ಜನಕ್ಕೆ ಇನ್ನೇನೂ ಬೇಕಾಗಿಲ್ಲ. ಇಂದ್ರೇಶ್ ಒಂದು ಮಾತು ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬೈಗುಳದ ಕೆಲಸವನ್ನೆಲ್ಲ ಗುರುಸಿದ್ದಮ್ಮನವರು ವಹಿಸಿಕೊಂಡರು. ಮೊದಲ ದಿನ ಅವರ ವಾದ ಬೇರೆಯೇ ಇತ್ತು. ಶುಭ ಕಾರ್ಯಕ್ಕೆ ಮುಂಚೆ ಬಿದ್ದರೆ ಬಿದ್ದರೆ ಎಂದು ಜಪ ಮಾಡಿದ್ದಕ್ಕೇ ಬಿತ್ತು, ಇವಳ ಬಾಯಿಂದಲೇ ಬಿತ್ತು ಎನ್ನುತ್ತಿದ್ದರು. ಹಣ ಕಟ್ಟಿಲ್ಲ ಎಂದು ತಿಳಿದ ಮೇಲೆ ವಾದ ತಿರುಗಿತು. ವಿಮೆ ಮಾಡಿಸಿದ್ದಕ್ಕೆ ಬಿತ್ತು ಎಂದವರೇ, ವಿಮೆ ಮಾಡಿಸಲಿಲ್ಲ ಎಂದು ಎದೆ ಬಡಿದುಕೊಂಡರು. ಎರಡನ್ನೂ ಒಂದೇ ಬಾಯಲ್ಲಿ ಹೇಗೆ ಹೇಳುತ್ತಾರೋ ಆ ಶಿವನಿಗೇ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಸೆರಗು ಹೊದ್ದು ಹೊರಟರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಊರ ಹಸುಗಳಿಗೆಲ್ಲ ವಿಮೆ ಮಾಡುವವಳು ಮನೆಯದನ್ನೇ ಮರೆತಳು ಎಂದು ಸಾರಿ ಬಂದರು. ಹೇಮಂತ್ ಅವಳ ಕಚೇರಿಗೆ ದೂರು ಬರೆದ. ಹದಿಮೂರನೆಯ ದಿನ, ಸೋಮವಾರ, ವಿಚಾರಣೆ; ಅದರಲ್ಲಿ ಸೋತರೆ ಏಜೆನ್ಸಿ ರದ್ದು.

ಹತ್ತು ದಿನ ಎಂದಿದ್ದರಲ್ಲ ಮಾವ? ಒಂದು ದಿನ ಇಂದ್ರೇಶನಿಗೆ ಜ್ವರ, ಹೇಳುವ ಹಾಗಿಲ್ಲ. ಒಂದು ದಿನ ಮಂಡಿಯಲ್ಲಿ ಹರಾಜು. ಇನ್ನೊಂದು ದಿನ ಬೇಲೂರಿನಲ್ಲಿ ಗೃಹಪ್ರವೇಶ, ಶುಭದ ದಿನ ಅಂಥ ಮಾತು ಯಾಕೆ? ಎಂಟನೆಯ ದಿನ ಬಾಯಿ ತೆರೆದವರು, ಇಂದ್ರೇಶಾ ಎಂದು ಕರೆದು, ಅವನು ತಿರುಗಿದ ಕೂಡಲೇ, ಮೊಸರು ಹಾಕಿಸಿಕೊಳ್ಳಪ್ಪ ಎಂದರು. ಮೇಘಶ್ರೀಗೆ ತಟ್ಟೆ ಎತ್ತಿ ಕುಕ್ಕಬೇಕು ಅನ್ನಿಸಿತು. ಮೊಸರು ಬಡಿಸಿದಳು. ಅಡುಗೆಮನೆಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹನ್ನೊಂದನೆಯ ದಿನ ಶನಿವಾರ. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮುಂದೆ ಹದಿನಾಲ್ಕು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಮಡಿಸಿ ಮಡಿಸಿ ಹಳದಿಯಾದ ವಿಮೆಯ ಕಾಗದ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದೇ ಅವಳಿಗೆ ಹೆಚ್ಚು ನೋವು. ನಮ್ಮದು ಕಟ್ಟಿದೀಯಾ ತಾಯಿ ಎಂದು ಒಬ್ಬೊಬ್ಬರೂ ನಾಚಿಕೊಂಡು ಕೇಳಿದರು. ಮೇಘಶ್ರೀ ಫೈಲು ತಂದು ಜಗಲಿಯ ಮೇಲೆ ಕೂತು, ಒಂದೊಂದೇ ರಸೀದಿ ತೆಗೆದು ತೋರಿಸುತ್ತಾ ಹೋದಳು. ಒಳಗಿನಿಂದ ಗುರುಸಿದ್ದಮ್ಮನವರ ದನಿ ಬರುತ್ತಿತ್ತು. ಸರಿಯಾಗಿ ನೋಡ್ಕಳಿ, ಮನೇದೇ ಮರೆತೋಳು, ನಿಮ್ಮದು ನೆನಪಿಟ್ಕೊಂಡಿರ್ತಾಳಾ ಎನ್ನುತ್ತಿದ್ದರು. ಇಂದ್ರೇಶ್ ಬಾಗಿಲ ಬಳಿ ಬಂದು ನಿಂತ.

ಕೊನೆಯವನು ಗಂಡಸಿಯ ಕಲ್ಲೇಶಪ್ಪ. ಎರಡು ಹಸುವಿನ ಮುದುಕ, ಓದು ಬರದು. ಅವಳು ಅವನ ರಸೀದಿಯನ್ನು ಗಟ್ಟಿಯಾಗಿ ಓದಿದಳು. ಮುದುಕ ಕೇಳಿದ, ತಲೆ ಆಡಿಸಿದ, ಆಮೇಲೆ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಕುರ್ಚಿಯಲ್ಲಿ ಕೂತಿದ್ದ ಷಡಕ್ಷರಪ್ಪನವರ ಮುಂದೆ ಹಿಡಿದ.

“ಯಜಮಾನ್ರೇ, ನೀವೊಂದ್ ಸಲ ಓದಿ ಹೇಳಿ. ನೀವು ಐತೆ ಅಂದ್ರೆ ನಂಬ್ಕೊಂಡು ಬಸ್ಸು ಹತ್ತೀನಿ.”

ಷಡಕ್ಷರಪ್ಪನವರು ಕನ್ನಡಕ ಹಾಕಿಕೊಂಡರು. ಕಾಗದ ಹಿಡಿದರು. ಸೊಸೆಯ ಕಡೆ ನೋಡಿದರು. ಅವಳು ಅವರನ್ನು ನೋಡಲಿಲ್ಲ, ಫೈಲಿನ ದಾರ ಕಟ್ಟುತ್ತಿದ್ದಳು. ಆ ದಾರ ಎರಡು ಸಲ ಕೈ ತಪ್ಪಿತು. ಅವರು ಕನ್ನಡಕ ತೆಗೆದರು.

“ನನ್ನ ಮಾತು ನಂಬಬೇಡ ಕಲ್ಲೇಶಪ್ಪ,” ಎಂದರು. “ಈ ಮನೇಲಿ ಸುಳ್ಳು ಹೇಳಿದೋನು ನಾನು. ಅವಳು ಮರೀಲಿಲ್ಲ. ಅರ್ಜಿ ಬರೆದು ಕೊಟ್ಟಿದ್ಲು, ಬೇಡ್ಕೊಂಡಿದ್ಲು. ರಾಕೆಟ್ಟೂ ಲಾರೀನೇ ಅಂದ್ಕೊಂಡು ನಾನು ತಡೆದೆ. ಕಳಿಸಿದೀನಿ ಅಂತ ಸುಳ್ಳು ಹೇಳ್ದೆ. ಹನ್ನೊಂದು ದಿನ ನನ್ನ ಮಾನ ಕಾಯೋಕೆ ಅವಳು ಅವಳ ಮಾನ ಕಳ್ಕೊಂಡ್ಲು... ನಾನು ನೋಡ್ತಾ ಕೂತಿದ್ದೆ.”

ಷಡಕ್ಷರಪ್ಪನವರು ಎದ್ದು ಹೋಗಿ ಲಕೋಟೆ ತಂದು ಮಗನ ಕೈಗೆ ಕೊಟ್ಟರು. ಇಂದ್ರೇಶ್ ಸಹಿಯಿಲ್ಲದ ಅರ್ಜಿಯನ್ನು ನೋಡಿದ. ಅದರ ತುಂಬ ಹೆಂಡತಿಯ ದುಂಡು ಅಕ್ಷರ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನ ಗುರುತು. ಅವನು ಬಾಗಿಲಿಗೆ ಒರಗಿ ಮಗುವಿನಂತೆ ಅತ್ತುಬಿಟ್ಟ.

ಗುರುಸಿದ್ದಮ್ಮನವರು ಕೋಣೆಗೆ ಹೋದರು. ಹೊರಬಂದಾಗ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದರು. ನಲವತ್ತೇಳು ವರ್ಷದ ಸಂಸಾರದಲ್ಲಿ ಗಂಡನ ಒಂದು ತಪ್ಪನ್ನೂ ಅವರು ಹೊಸ್ತಿಲು ದಾಟಿಸಿದವರಲ್ಲ. ಮಂಡಿಯಲ್ಲಿ ನಷ್ಟವಾದ ವರ್ಷ ಕೂಡ, ಈ ಸಲ ಮಾಲು ಹಿಡಿದಿಟ್ಟಿದೀವಿ ಎಂದು ತಲೆ ಎತ್ತಿ ಓಡಾಡಿದ ಹೆಂಗಸು.

“ಏಳ್ರಿ,” ಎಂದರು ಗಂಡನಿಗೆ. “ನಾನು ಹದಿನೇಳು ಮನೇಲಿ ಹೇಳಿದೀನಿ. ಹದಿನೇಳಕ್ಕೂ ಹೋಗಬೇಕು. ನಾನು ಹೇಳುವಾಗ ನೀವು ಪಕ್ಕದಲ್ಲಿ ನಿಂತಿರಬೇಕು.”

ಕ್ಷಮಿಸು ಎನ್ನುವ ಮಾತು ಆ ಬಾಯಿಗೆ ಅಭ್ಯಾಸವಿರಲಿಲ್ಲ. ಮೇಘಶ್ರೀಯ ಪಕ್ಕ ಹಾದು ಹೋಗುವಾಗ ಅವಳ ಹೆಗಲ ಮೇಲೆ ಜಾರಿದ್ದ ಸೆರಗನ್ನು ಎಳೆದು ಸರಿಮಾಡಿ, ಮೆಟ್ಟಿಲು ಇಳಿದರು. ಹಿಂದೆ ಷಡಕ್ಷರಪ್ಪನವರು. ಮೊದಲನೆಯ ಮನೆಯ ಗೇಟು ಕಿರ್ರೆಂದದ್ದು ಇಲ್ಲಿಗೆ ಕೇಳಿಸಿತು. ನಮ್ಮ ಸೊಸೆದು ತಪ್ಪಿಲ್ಲ ಕಣ್ರೀ ಎನ್ನುವ ದನಿಯೂ ಕೇಳಿಸಿತು, ಹನ್ನೊಂದು ದಿನ ಬೈದಷ್ಟೇ ಗಟ್ಟಿಯಾಗಿ.

ಇದರಿಂದ ಗೋದಾಮು ಉಳಿಯಲಿಲ್ಲ, ಅದನ್ನೂ ಹೇಳಿಬಿಡಬೇಕು. ಮುಂದೆ ಎರಡು ತಿಂಗಳಿಗೆ ಅದನ್ನು ಮಾರಿ, ಆ ಹದಿನಾರು ಲಕ್ಷವನ್ನೂ ಸೇರಿಸಿ ಬ್ಯಾಂಕಿನ ಬಾಯಿ ಮುಚ್ಚಿಸಿದರು. ಹೇಮಂತ್ ದೂರನ್ನು ವಾಪಸು ಪಡೆದ. ಆದರೆ ಅವೆಲ್ಲ ಆಮೇಲಿನ ಮಾತು.

ಆ ಬೆಳಗ್ಗೆ ಇಂದ್ರೇಶ್ ಕಣ್ಣೊರೆಸಿಕೊಂಡು ಜಗಲಿಗೆ ಬಂದು, ಮೇಘಾ ಎಂದ.

“ಯಾಕೆ ಅಂತ ಒಂದು ಸಲ ಕೇಳಬಹುದಿತ್ತು ನೀವು,” ಎಂದಳು ಮೇಘಶ್ರೀ. “ಎಂಟು ದಿನ ಕಾದೆ. ಈಗ ಕೂತ್ಕೊಳ್ಳಿ. ಕಲ್ಲೇಶಪ್ಪನವರ ಬಸ್ಸಿಗೆ ಹೊತ್ತಾಯ್ತು.”

ಕಲ್ಲೇಶಪ್ಪ ತನ್ನ ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡಿದ್ದ. ಸಂಕೋಚಪಡುತ್ತಾ, ಹೋದ ತಿಂಗಳು ಇನ್ನೊಂದು ಹಸು ತಂದಿದ್ದೇನೆ, ಅದಕ್ಕೂ ಬರೆದುಬಿಡು ತಾಯಿ ಎಂದ. ಅವಳು ಹೊಸ ಅರ್ಜಿ ತೆಗೆದು ತುಂಬಿ, ನಿಯಮಗಳನ್ನು ಓದಲು ಶುರುಮಾಡಿದಳು.

“ಓದೋದೆಲ್ಲ ಬ್ಯಾಡ ಬಿಡು ತಾಯಿ,” ಎಂದ ಮುದುಕ, ಹೆಬ್ಬೆಟ್ಟು ಮುಂದೆ ಚಾಚಿ. “ನೀನು ಹೇಳಿದ್ರೆ ಆಯ್ತು.”

ಮೇಘಶ್ರೀಗೆ ಅಷ್ಟು ಹೊತ್ತು ತಡೆದಿದ್ದದ್ದು ಈಗ ಕಣ್ಣಿಗೆ ಬಂತು. ಬಂದದ್ದನ್ನು ಬೆರಳಿನಿಂದ ಒರೆಸಿಕೊಂಡು, ಮಸಿಯ ಡಬ್ಬಿಯನ್ನು ಅವನ ಕೈಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿದಳು.

“ಇಲ್ಲ, ಕೇಳಿಸಿಕೊಳ್ಳಬೇಕು. ಯಾವತ್ತಿಂದ ಶುರು, ಎಲ್ಲಿಗೆ ಮುಗಿಯುತ್ತೆ, ಎರಡೂ ಕೇಳಿದ ಮೇಲೇ ಹೆಬ್ಬೆಟ್ಟು.”

ಅವಳು ಮೊದಲಿನಿಂದ ಓದಿದಳು. ಕಲ್ಲೇಶಪ್ಪ ಕೈ ಕಟ್ಟಿಕೊಂಡು ಕೇಳಿದ. ಇಂದ್ರೇಶನೂ ಮೆಟ್ಟಿಲ ಮೇಲೆ ಕೂತು ಕೊನೆಯವರೆಗೆ ಕೇಳಿದ.